ಬೆಂಕಿಯಿಲ್ಲದ ಕೋಣೆ

ಮುನ್ನೂರೈವತ್ತು ವರ್ಷದ ಹಿಂದಿನ ಮಾತು. ಇಂಗ್ಲೆಂಡಿನ ಜಮೀನ್ದಾರ ಆಂಬ್ರೋಸ್ ಒಂದು ಚಳಿಗಾಲದ ಬೆಳಿಗ್ಗೆ ಗುಮಾಸ್ತನನ್ನು ಕರೆಸಿ ಉಯಿಲು ಬರೆಸಿದರು.

"ನಾನು ಸತ್ತ ಮೇಲೆ ಮನೆ, ಜಮೀನು ಎಲ್ಲ ಮಗನಿಗೆ. ನನ್ನ ಹೆಂಡತಿಗೆ ಮಹಡಿ ಮೇಲಿನ ಸಣ್ಣ ಕೋಣೆ ಸಾಕು. ಚಳಿಯಾದರೆ ಸೊಸೆಯನ್ನು ಕೇಳಿ, ಕೆಳಗೆ ಬಂದು ಬೆಂಕಿ ಕಾಯಿಸಿಕೊಳ್ಳಲಿ. ಒಂದಕ್ಷರ ಬದಲಾಯಿಸಬೇಡ."

ಗುಮಾಸ್ತ ಬದಲಾಯಿಸಲಿಲ್ಲ.

"ಧಣಿ, ಕೋಣೆ ಸಾಲದು ಅಂತ ನಾಳೆ ಯಾರಾದರೂ ಕೋರ್ಟಿಗೆ ಹೋಗಬಹುದು. ತಾವು ಇವತ್ತೊಂದು ದಿನ ಅಲ್ಲಿದ್ದು ನೋಡಿದರೆ, ಸಾಕಾಗುತ್ತೆ ಅಂತ ನಾನೇ ಸಾಕ್ಷಿ ಹೇಳುತ್ತೇನೆ."

ಧಣಿ ಬೀಗುತ್ತ ಮಹಡಿ ಹತ್ತಿದರು. ಗಂಟೆಯೊಳಗೆ ಕೈ ಉಜ್ಜುತ್ತ ಇಳಿದು ಬಂದು, ನೇರ ಬೆಂಕಿಯ ಕಡೆ ನಡೆದರು. ಗುಮಾಸ್ತ ಉಯಿಲು ಹಿಡಿದು ಅಡ್ಡ ನಿಂತ.

"ಸೊಸೆಯವರನ್ನು ಕೇಳಬೇಕಲ್ಲ ಧಣಿ. ಅವರು ಸಂತೆಗೆ ಹೋಗಿದ್ದಾರೆ, ಬರುವುದು ಸಂಜೆಗೆ."

ಧಣಿ ಉರಿಯುವ ಸೌದೆಯ ಕಡೆ ಕೈ ಚಾಚಿದರು; ಗುಮಾಸ್ತ ಸರಿಯಲಿಲ್ಲ.

"ಹರಿದುಹಾಕು," ಎಂದರು ಕೊನೆಗೆ. "ನನ್ನ ಹೆಂಡತಿ ಇರುವ ತನಕ ಮನೆ ಅವಳದು. ಆ ಕೋಣೆ ಮಗನಿಗೆ ಅಂತ ಬರಿ."

ಮೂಲೆಯಲ್ಲಿ ಹೊಲಿಯುತ್ತ ಕೂತಿದ್ದ ಹೆಂಡತಿ ಮಾರ್ಜರಿ ಆಗ ತಲೆಯೆತ್ತಿದರು.

"ಹಾಗಾದರೆ ಮೊದಲು ಅಲ್ಲೊಂದು ಅಗ್ಗಿಷ್ಟಿಕೆ ಕಟ್ಟಿಸಿ. ನನ್ನ ಮಗನಿಗೂ ಚಳಿಯಾಗುತ್ತೆ."