ನರಿ ಮುಚ್ಚಿದ ಗಾಳಿಗೊಳವೆ

ಒಂದು ಕುರುಚಲು ಕಾಡಿನ ದಿಬ್ಬದಲ್ಲಿ ಬಹಳ ಹಳೆಯದೊಂದು ಮನೆಯಿತ್ತು. ಮೇಲಿನ ಗುಹೆಯಲ್ಲಿ ಕೆಂಪಣ್ಣನೆಂಬ ನರಿ ಇದ್ದ. ಕೆಳಗಿನ ಬಿಲದಲ್ಲಿ ಸಾಕಮ್ಮನೆಂಬ ಮುಳ್ಳುಹಂದಿ ತನ್ನ ಮರಿಗಳೊಂದಿಗೆ ಇದ್ದಳು. ಇಬ್ಬರ ಬಚ್ಚಲಿನ ಕೊಳೆನೀರೂ ಒಂದೇ ಮೋರಿಗೆ ಸೇರುತ್ತಿತ್ತು. ಆ ಮೋರಿಯಿಂದ ಉದ್ದನೆಯ ಬಿದಿರೊಂದು ಮೇಲೆದ್ದು ಛಾವಣಿಯ ಆಚೆ ಬಾಯಿ ತೆರೆದು ನಿಂತಿತ್ತು. ಮೋರಿಯ ಕೆಟ್ಟ ಗಾಳಿಯೆಲ್ಲ ಅದರಲ್ಲಿ ಹತ್ತಿ ಹೊರಗೆ ಹೋಗುತ್ತಿತ್ತು. ಹಿಂದಿನವರು ತಿಳಿದೇ ಇಟ್ಟದ್ದು.

ಕೆಂಪಣ್ಣ ಮನೆ ರಿಪೇರಿ ಶುರುಮಾಡಿದ. ಗೋಡೆಗೆ ಕೆಮ್ಮಣ್ಣು ಬಳಿದ. ಹೊಸ ಬಚ್ಚಲು ಕಟ್ಟಿದ. ಕೊಳೆನೀರು ಹೋಗುವ ಕೊಳವೆಗೆ ಒಂದು ಬಾಗು ಕೊಟ್ಟ. ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತು ವಾಸನೆ ಮೇಲೆ ಬಾರದಂತೆ ತಡೆಯುತ್ತಿತ್ತು. ಜಾಣನೇ ಅನ್ನಿ! ಆದರೆ ಜಾಣತನ ಅಲ್ಲಿಗೇ ನಿಲ್ಲಬೇಕಲ್ಲ? ಸಾಕಮ್ಮನ ಬಿಲದ ಮೇಲೂ ಅವನಿಗೆ ಕಣ್ಣಿತ್ತು. ಅದು ಸಿಕ್ಕರೆ ಒಳ್ಳೆಯ ಉಗ್ರಾಣವಾಗುತ್ತಿತ್ತು. ಯಾರೂ ಇಲ್ಲದ ಹೊತ್ತು ನೋಡಿ ಛಾವಣಿ ಹತ್ತಿದ. ಬಿದಿರಿನ ಬಾಯಿಗೆ ಹುತ್ತದ ಮಣ್ಣು ಮೆತ್ತಿ, ಮೇಲೊಂದು ಮಡಕೆ ಕವುಚಿ ಹಾಕಿದ.

ಸಾಕಮ್ಮನ ಬಚ್ಚಲಿಗೆ ನೀರು ನಿಲ್ಲುವ ಬಾಗು ಇರಲಿಲ್ಲ. ಮರುದಿನವೇ ಅವಳ ಬಿಲದಲ್ಲಿ ಮೂಗು ಬಿಡಲಾಗದಂಥ ದುರ್ವಾಸನೆ. ಮರಿಗಳು ಊಟ ಬಿಟ್ಟವು. ಪಾಪ, ಸಾಕಮ್ಮನಿಗೆ ಅಳುವೇ ಬಂತು.

"ಏನಪ್ಪಾ ಇದು ಕೆಂಪಣ್ಣ? ಮಕ್ಕಳು ತುತ್ತು ಮುಟ್ತಿಲ್ಲ."

"ಹಳೇ ಮನೆ ಅಲ್ವೇನಕ್ಕಾ? ಮೋರಿ ಕೆಟ್ಟುಹೋಗಿದೆ," ಎಂದ ನರಿ, ಮುಖ ಸಪ್ಪಗೆ ಮಾಡಿಕೊಂಡು. "ಹೊಳೆ ಆಚೆ ಒಳ್ಳೊಳ್ಳೆ ಬಿಲ ಖಾಲಿ ಇದ್ಯಂತೆ. ಹೋಗ್ಬಿಡಿ."

"ಮಕ್ಕಳು ಹುಟ್ಟಿದ ಮನೆ ಕಣಪ್ಪಾ. ಹೆಂಗೆ ಬಿಡ್ಲಿ?"

ಸಾಕಮ್ಮ ತನ್ನ ಬಚ್ಚಲಿನ ತೂತಿಗೆ ಜೇಡಿಮಣ್ಣು ಬಡಿದು ಭದ್ರವಾಗಿ ಮುಚ್ಚಿದಳು. ಅಂದಿನಿಂದ ಮರಿಗಳಿಗೆ ಹೊಳೆಯಲ್ಲೇ ಸ್ನಾನ.

ಇತ್ತ ರಿಪೇರಿ ಮುಗಿಯಿತು. ಕೆಂಪಣ್ಣ ಕಾಡಿಗೆಲ್ಲ ಗೃಹಪ್ರವೇಶದ ಊಟ ಹೇಳಿದ. ಬಂದವರಿಗೆ ಬಾಗಿಲಲ್ಲೇ ಕಾಲಿಗೆ ನೀರು ಕೊಡುವುದು ವಾಡಿಕೆ. ಆದರೆ ಹೊಸ ಬಚ್ಚಲು ತೋರಿಸದೆ ಬಿಟ್ಟಾನೆಯೇ? "ಒಳಗೇ ಬನ್ನಿ ಗೌಡ್ರೇ, ಬಚ್ಚಲಲ್ಲೇ ಕಾಲು ತೊಳೀರಿ," ಎಂದು ಕಾಡಿನ ಹಿರಿಯನಾದ ಕರಡಿಗೌಡನನ್ನು ಕರೆದುಕೊಂಡು ಹೋದ. ಗೌಡನ ಕಾಲ ತುಂಬ ಕೆಸರು. ಅವನು ಹಂಡೆಯನ್ನೇ ಎತ್ತಿ ಸುರಿದುಕೊಂಡ.

ನೀರು ಧಡಧಡನೆ ಇಳಿಯಿತು. ಅದರ ಹಿಂದೆ ಹೋಗಲು ಗಾಳಿ ಬೇಕು, ಇಲ್ಲವಾದರೆ ನೀರು ಸಿಕ್ಕಿದ್ದನ್ನೆಲ್ಲ ಹೀರಿಕೊಂಡೇ ಇಳಿಯುತ್ತದೆ. ಬಿದಿರಿನ ಬಾಯಿ ಮುಚ್ಚಿತ್ತಲ್ಲ, ಗಾಳಿ ಎಲ್ಲಿಂದ ಬರಬೇಕು? ಬಾಗಿನಲ್ಲಿ ನಿಂತಿದ್ದ ನೀರೂ 'ಗುಳುಕ್' ಎಂದು ಅದರ ಜೊತೆಗೇ ಕೊಚ್ಚಿಹೋಯಿತು. ಇನ್ನು ವಾಸನೆ ತಡೆಯುವವರು ಯಾರು? ಮೇಲೆ ದಾರಿಯಿಲ್ಲ, ಸಾಕಮ್ಮನ ಕಡೆಯೂ ಬಂದ್. ಇಷ್ಟು ದಿನ ಕೂಡಿಕೊಂಡಿದ್ದ ಗಾಳಿಯೆಲ್ಲ ನೇರವಾಗಿ ಕೆಂಪಣ್ಣನ ನಡುಮನೆಗೆ ನುಗ್ಗಿತು.

"ಇದೇನೋ ಕೆಂಪಣ್ಣ, ನಿನ್ನ ಪಾಯಸದ ಘಮವೋ?" ಎಂದ ಗೌಡ, ಮೂಗು ಹಿಡಿದು ಹೊರಗೆ ಓಡುತ್ತ. ನೆಂಟರೂ ಓಡಿದರು. ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಬಿದಿರಿನ ತಲೆಗೆ ಮಡಕೆ!

"ಗಾಳಿಗೊಳವೆ ಯಾರೋ ಮುಚ್ಚಿದ್ದು?"

"ಕಾಗೆ ಇರ್ಬೇಕು ಗೌಡ್ರೇ," ಎಂದ ನರಿ.

"ಮಡಕೆ ಕೆಳಗೆ ಮೆತ್ತಿರೋ ಮಣ್ಣಲ್ಲಿ ನಿನ್ನ ಪಂಜದ ಅಚ್ಚು ಇಲ್ಲಿಗೇ ಕಾಣ್ತಿದೆಯಲ್ಲೋ! ಹತ್ತು, ತೆಗಿ."

ಕೆಂಪಣ್ಣ ಜರಿ ಶಾಲು ಹೊದ್ದುಕೊಂಡೇ ಛಾವಣಿ ಹತ್ತಿದ. ಮಡಕೆ ಎಳೆದ, ಮಣ್ಣು ಕಿತ್ತ. ಭುಸ್ಸೆಂದು ಹೊರಟ ಗಾಳಿ ಅವನ ಮೂಗಿಗೇ ಬಡಿಯಿತು. ನರಿ ಉರುಳಿಕೊಂಡು ಅಂಗಳಕ್ಕೆ ಬಿದ್ದ.

ಅಷ್ಟರಲ್ಲಿ ಸಾಕಮ್ಮ ಮರಿಗಳೊಂದಿಗೆ ಹೊಳೆಯಿಂದ ಬಂದಳು. ಬಿಲದಲ್ಲಿ ವಾಸನೆ ತುಂಬಿದ್ದನ್ನೂ, ಹೊಳೆಯಾಚೆ ಹೋಗೆಂದು ಕೆಂಪಣ್ಣ ಹೇಳಿದ್ದನ್ನೂ ಗೌಡನಿಗೆ ತಿಳಿಸಿದಳು. "ಈ ಬಿಲ ನಿಂದೇ ಕಣಮ್ಮಾ. ಇನ್ಯಾರೂ ನಿನ್ನ ಎಬ್ಬಿಸೋ ಹಾಗಿಲ್ಲ," ಎಂದ ಗೌಡ. ನೆಂಟರು ಪಾಯಸದ ಕೊಪ್ಪರಿಗೆಯನ್ನು ಅವಳ ಬಾಗಿಲಿಗೇ ಹೊತ್ತುತಂದು ಪಂಕ್ತಿ ಹಾಕಿದರು. ಮರಿಗಳು ಮೂರು ಮೂರು ಸಲ ಬಡಿಸಿಕೊಂಡವು. ಸಾಕಮ್ಮ ಕೆಂಪಣ್ಣನಿಗೂ ಒಂದು ಎಲೆ ಹಾಕಿ ಕರೆದಳು. ಆದರೆ ಮೂಗಿನ ತುಂಬ ಮೋರಿಯೇ ತುಂಬಿದ್ದ ಅವನಿಗೆ, ತನ್ನದೇ ಗೃಹಪ್ರವೇಶದ ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

ನೀತಿ: ನೆರೆಯವರ ಉಸಿರು ಕಟ್ಟಿಸಿ ಅವರ ಜಾಗ ಹೊಡೆಯಲು ಹೋದವನು ಕಡೆಗೆ ತನ್ನ ಮನೆಯಲ್ಲೇ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ.