ಪಾಪಮ್ಮನ ಹುತ್ತ

ಆಫ್ರಿಕಾದ ಜಾಂಬಿಯಾ ದೇಶದಲ್ಲಿ ಲುಕಾಂಬ ಎಂಬ ತಾಮ್ರದ ಗಣಿಯ ಊರಿದೆ. ಅದರ ಪಡುವಣ ಅಂಚಿನಲ್ಲಿ ಸೂರು ಹಾರಿಹೋದ ಒಂದು ಕ್ಲಬ್ಬಿನ ಕಟ್ಟಡ, ಅದರ ಎದುರಿಗೆ ಮನೆಗಿಂತ ಎತ್ತರದ ಕೆಂಪು ಹುತ್ತ. ಅಲ್ಲಿಯ ಜನರೂ ಅದನ್ನು ಪಾಪಮ್ಮನ ಹುತ್ತವೆಂದೇ ಕರೆಯುತ್ತಾರೆ. ಅಂಥ ಹುತ್ತ ಭೂಮಂಡಲದಲ್ಲಿ ಎರಡನೆಯದಿಲ್ಲ; ಅದರ ನೆರಳಲ್ಲಿ ಇಡೀ ಮದುವೆ ದಿಬ್ಬಣ ಊಟಕ್ಕೆ ಕೂತದ್ದನ್ನು ನಾನೇ ಕಂಡಿದ್ದೇನೆ. ಪಾಪಮ್ಮ ನನ್ನ ಹೆತ್ತ ತಾಯಿ.

ಹಿಂದೆ ಒಮ್ಮೆ, ಬಿಳಿಯರ ಆಳ್ವಿಕೆಯ ಕಾಲಕ್ಕೆ, ಆ ಬಯಲು ಗಾಲ್ಫ್ ಮೈದಾನವಾಗಿತ್ತು. ವರ್ಷಕ್ಕೊಮ್ಮೆ, ಗೆದ್ದವನಿಗೆ ತಾಮ್ರದ ಕೊಡ ಸಿಗುವ ಪಂದ್ಯ ನಡೆಯುತ್ತಿತ್ತು. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರು ದೂರದೂರದಿಂದ ಬರುತ್ತಿದ್ದರು. ಅವರು ಹೊಡೆದ ಚೆಂಡು ಮೋಡದೊಳಗೆ ನುಗ್ಗಿ ಒದ್ದೆಯಾಗಿ ಬೀಳುತ್ತಿತ್ತು ಎನ್ನುತ್ತಾರೆ. ನಮ್ಮಪ್ಪ ಚಿಕ್ಕಮುನಿಯಪ್ಪ ಕೋಲಾರದ ಗಣಿಯ ಮೈದಾನದಲ್ಲಿ ಹುಲ್ಲು ಬೆಳೆಸಿ ಪಳಗಿದವನು, ಇಲ್ಲಿ ಹುಲ್ಲಾಳುಗಳ ಮೇಸ್ತ್ರಿ. ಆ ವರ್ಷ ಕ್ಲಬ್ಬಿನ ಕಾರ್ಯದರ್ಶಿ ದೊರೆ ಅವನನ್ನು ಕರೆದು, ಚೆಂಡು ಬೀಳಬೇಕಾದ ಕೊನೆಯ ಕುಳಿಯ ದಾರಿಗೆ ಹುತ್ತ ಅಡ್ಡವಾಗಿದೆ, ಪಂದ್ಯ ಮುಗಿದ ಮರುದಿನ ಅಗೆದು ಮಟ್ಟಮಾಡು, ಆಗದಿದ್ದರೆ ಊರಿಗೆ ಹಡಗು ಹತ್ತು ಎಂದನಂತೆ. ನಮ್ಮಮ್ಮ ಆಗಷ್ಟೇ ಕೋಲಾರದಿಂದ ಬಂದಿಳಿದಿದ್ದಳು, ಆಟದ ಚೆಂಡನ್ನು ಕಣ್ಣಿಂದ ಕಂಡವಳಲ್ಲ. ನಾಗಪ್ಪನ ಮನೆ ಅಗೆದ ಕೈ ತನ್ನ ಗಂಡನದಾಗಬಾರದೆಂದು ಅನ್ನ ಬಿಟ್ಟಳು.

ಪಂದ್ಯದ ಕಡೆಯ ದಿನವೇ ನಾಗರಪಂಚಮಿ ಬಿದ್ದಿತು. ಅವಳು ಹಾಲು, ಅರಿಶಿನ ಹಿಡಿದು ಬೇಲಿ ನುಸುಳಿ ಹೋಗಿ, ಹುತ್ತಕ್ಕೆ ಹಾಲೆರೆದು ಕಣ್ಣು ಮುಚ್ಚಿ ನಿಂತಳು. ಕಣ್ಣು ಬಿಟ್ಟರೆ ಹುತ್ತದ ಬಾಯಲ್ಲಿ ಬೆಳ್ಳನೆಯ ಒಂದು ಉಂಡೆ. ನಾಗಪ್ಪ ಮೊಟ್ಟೆ ಕೊಟ್ಟನೆಂದು ಅದಕ್ಕೆ ಅರಿಶಿನ ಬಳಿದು ಹೂವಿಟ್ಟಳು. ಅಷ್ಟರಲ್ಲಿ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿದ್ದ ಆಟಗಾರ ಹೆಂಡ್ರಿಕ್ ಜನರ ಹಿಂಡಿನೊಂದಿಗೆ ಬಂದ. ಹುತ್ತಕ್ಕೆ ಬಿದ್ದ ಚೆಂಡನ್ನು ಕೈಯಲ್ಲಿ ಎತ್ತಿ ಪಕ್ಕಕ್ಕಿಡಬಹುದೆಂಬುದು ಆ ದೇಶದ ಆಟದ ಕಟ್ಟಳೆ. ಅವನು ಬಗ್ಗಿದ. ನಮ್ಮಮ್ಮ ಅಡ್ಡ ಕೂತಳು.

“ಅದು ಮೊಟ್ಟೆ ಅಲ್ಲ ಕಣೇ, ಆಟದ ಚೆಂಡು,” ಎಂದು ನಮ್ಮಪ್ಪ ಓಡಿಬಂದ.

“ನಿಂಗೇನ್ ಗೊತ್ತು, ಹುಲ್ಲು ಕುಯ್ಯೋನಿಗೆ? ಮುಟ್ಟಿದ್ರೆ ಕೈ ಬಿದ್ದೋಗ್ತದೆ ಅಂತ ಹೇಳು ಆ ಕೆಂಪು ಮೂತಿಯವನಿಗೆ.”

ಏನೆನ್ನುತ್ತಾಳೆ ಎಂದು ಹೆಂಡ್ರಿಕ್ ಕೇಳಿದ. ಕಾರ್ಯದರ್ಶಿ ಹಲ್ಲು ಕಡಿಯುತ್ತ ನಿಂತಿದ್ದ. ನಮ್ಮಪ್ಪನ ನಾಲಿಗೆಗೆ ಆ ಹೊತ್ತು ಬಂದ ಇಂಗ್ಲಿಷು ಹುಟ್ಟಿಸಿದ ದೇವರಿಗೂ ಬಂದಿರಲಾರದು. “ಚೆಂಡಿಗೆ ಪೂಜೆ ಮಾಡಿದ್ದಾಳೆ ಸ್ವಾಮಿ. ಟೋಪಿ ತೆಗೆದು ಹುತ್ತಕ್ಕೆ ತಲೆಬಾಗಿದರೆ ಕೊಡುತ್ತಾಳಂತೆ.”

ಹೆಂಡ್ರಿಕ್ ಟೋಪಿ ತೆಗೆದು ಬಾಗಿದ. ನಮ್ಮಮ್ಮ ಕರಗಿಹೋದಳು. “ಪಾಪ, ಭಕ್ತಿವಂತ. ಮೊಟ್ಟೆ ಅವನಿಗೇ ಒಲಿದದೆ ಬಿಡು,” ಎಂದು ಅದನ್ನು ಅವನ ಅಂಗೈಗಿಟ್ಟು ಹಣೆಗೆ ಅರಿಶಿನ ಹಚ್ಚಿದಳು. ಅವನು ಪಕ್ಕಕ್ಕಿಟ್ಟು ಹೊಡೆದ ಹೊಡೆತಕ್ಕೆ ಹಳದಿ ಚೆಂಡು ಹುತ್ತವನ್ನು ಒಂದು ಸುತ್ತು ಪ್ರದಕ್ಷಿಣೆ ಹಾಕಿ ನೆಟ್ಟಗೆ ಕುಳಿಯೊಳಕ್ಕೆ ಹೋಯಿತು. ಸುಳ್ಳೆನ್ನುವವರು ಲುಕಾಂಬಕ್ಕೆ ಹೋಗಿ ಕೇಳಲಿ.

ಮರುದಿನ ಕಾರ್ಯದರ್ಶಿ ಗುದ್ದಲಿ ಎನ್ನುವ ಮೊದಲೇ, ಇಂಥ ಅದೃಷ್ಟದ ಹುತ್ತ ಅಗೆದರೆ ಮುಂದಿನ ವರ್ಷ ಬರುವುದಿಲ್ಲವೆಂದು ಆಟಗಾರರೆಲ್ಲ ಹೇಳಿಬಿಟ್ಟರು. ನಮ್ಮಮ್ಮ ಅಂದು ಮೂರಾಳಿನ ಅನ್ನ ಉಂಡಳು. ಅಲ್ಲಿಂದಾಚೆ ಹುತ್ತಕ್ಕೆ ಬಾಗದೆ ಯಾರೂ ಕೋಲೆತ್ತಲಿಲ್ಲ. ಆಮೇಲೆ ತಾಮ್ರದ ಬೆಲೆ ಬಿತ್ತು, ಗಣಿ ಸೊರಗಿತು, ಪಂದ್ಯ ನಿಂತೇಹೋಯಿತು. ಕೊಡ ಎಲ್ಲಿದೆಯೋ ತಿಳಿಯದು.

ಈಗ ಆ ಮೈದಾನವನ್ನು ಅಲ್ಲಿಯ ರೈತರು ಉತ್ತು ಮುಸುಕಿನ ಜೋಳ ಹಾಕಿದ್ದಾರೆ. ನಮ್ಮಮ್ಮನನ್ನು ಕಂಡವರು ಅವರಲ್ಲಿ ಯಾರೂ ಇಲ್ಲ. ಆದರೂ ಹೋದವರು ನೋಡಬಹುದು: ದೂರದಿಂದ ನೂಲು ಹಿಡಿದಂತೆ ಬರುವ ಜೋಳದ ಸಾಲುಗಳು, ಹುತ್ತದ ಹತ್ತಿರಕ್ಕೆ ಬರುತ್ತಲೇ ಬಾಗಿ, ಅದನ್ನು ಬಳಸಿಕೊಂಡು ಹೋಗುತ್ತವೆ.