ಹೊಳೆ ತೊಟ್ಟ ಉಂಗುರದಂಗಿ

ಲೋಕ ಆಗ ಹೊಸದು. ಎಷ್ಟು ಹೊಸದೆಂದರೆ, ಯಾವುದು ಯಾವುದರ ಒಳಗಿರಬೇಕು, ಯಾವುದು ಹೊರಗಿರಬೇಕು ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಚಿಪ್ಪನ್ನು ಬೆನ್ನಿಗೆ ಹಾಕಿಕೊಳ್ಳುವುದೋ ಹೊಟ್ಟೆಗೋ ಎಂದು ಆಮೆ ಮೂರು ದಿನ ಯೋಚಿಸಿ, ಕೊನೆಗೆ ತಿಳಿಯದೆ ಎರಡೂ ಕಡೆ ಹಾಕಿಕೊಂಡಿತು.

ಆ ಕಾಲದಲ್ಲಿ ಒಂದು ಪುಟ್ಟ ಹೊಳೆ ಇತ್ತು. ನಾನು ಹುಟ್ಟಿದ ಸೀಮೆಯಲ್ಲಿ ಅದನ್ನು ಸಣ್ಣಹೊಳೆ ಎಂದೇ ಕರೆಯುತ್ತಿದ್ದರು. ಈಗ ನಾನಿರುವ ಈ ದೂರದ ಊರಿನಲ್ಲಿ ಅದರ ಹೆಸರು ಕೇಳಿದವರು ಯಾರೂ ಇಲ್ಲ. ಮೊಣಕಾಲು ಮುಳುಗುವಷ್ಟು ನೀರು. ತಳದ ಮರಳು ಎಣಿಸುವಷ್ಟು ತಿಳಿ. ಆ ನೀರಿನಲ್ಲಿ ಅಕ್ಕಿಕಾಳಿನಷ್ಟು ಉದ್ದದ ಮೀನುಮರಿಗಳು ಓಡಾಡುತ್ತಿದ್ದವು.

ನೀರು ತಿಳಿಯಾಗಿದ್ದದ್ದೇ ಕಷ್ಟಕ್ಕೆ ಬಂತು. ದಿನಾ ಬೆಳಿಗ್ಗೆ ಕೊಕ್ಕರೆಯೊಂದು ಬರುತ್ತಿತ್ತು. ಬಂದು ನೋಡುತ್ತಿತ್ತು. ನೋಡಿ ಕೊಕ್ಕು ಹಾಕುತ್ತಿತ್ತು. ಚುಳಕ್! ಒಂದು ಮರಿ ಇಲ್ಲ. ಚುಳಕ್! ಇನ್ನೊಂದು ಇಲ್ಲ.

"ನನ್ನ ಮಕ್ಕಳನ್ನ ಯಾಕೆ ತಿಂತೀಯಾ?" ಎಂದಿತು ಹೊಳೆ.

"ನಿನ್ನ ಮಕ್ಕಳಾ?" ಕೊಕ್ಕರೆ ನಕ್ಕಿತು. "ನೀನು ನೀರು, ಅವು ಮೀನು. ನೀರಿಗೆ ಮೀನು ಹೇಗೆ ಹುಟ್ಟುತ್ತೆ, ಸ್ವಲ್ಪ ಹೇಳು ನೋಡೋಣ."

ಹೊಳೆಗೆ ಗಲಿಬಿಲಿಯಾಯಿತು. ಹೇಗೆ ಹುಟ್ಟಿದವೋ ಅದಕ್ಕೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಇದ್ದವು, ಅಷ್ಟೆ. ಆದರೆ ಒಂದು ಮರಿ ಕಡಿಮೆಯಾದರೂ ತನಗೆ ಎಲ್ಲೋ ನೋಯುತ್ತದೆ. ಎಲ್ಲಿ ಎಂದು ತೋರಿಸಲು ಆಗುವುದಿಲ್ಲ, ಆದರೂ ನೋಯುತ್ತದೆ. ಹೀಗೇ ಆದರೆ ಮಳೆಗಾಲದ ಹೊತ್ತಿಗೆ ಒಂದೂ ಉಳಿಯುವುದಿಲ್ಲ.

ಗಾಳಿ ಅದನ್ನು ನೋಡಿ ಹೇಳಿತು: "ದಡದ ಮೇಲೆ ಸಂಕಮ್ಮ ಇದ್ದಾಳಲ್ಲ, ಅವಳನ್ನ ಕೇಳು. ಕಾಡಿಗೆ ಹೋಗೋರಿಗೆ ಕಬ್ಬಿಣದ ಉಂಗುರದಂಗಿ ಮಾಡಿಕೊಡ್ತಾಳೆ. ಕರಡಿ ಉಗುರು ಅದರೊಳಗೆ ಹೋಗಲ್ಲ. ನಾನಾದ್ರೆ ಅದರೊಳಗೆ ಹಾದು ಹೋಗಿ ಬರ್ತೀನಿ! ವಿಚಿತ್ರ ಅಂಗಿ. ಪೂರ್ತಿ ತೂತು, ಆದ್ರೂ ಗಟ್ಟಿ."

ಪೂರ್ತಿ ತೂತು, ಆದರೂ ಗಟ್ಟಿ! ಹೊಳೆಗೆ ಅರ್ಥವಾಗಲಿಲ್ಲ. ಆದರೆ ಆಸೆಯಾಯಿತು. ಮರಿಗಳು ಹೋಗಿ ಬರಬೇಕು, ಕೊಕ್ಕು ಮಾತ್ರ ಬರಬಾರದು. ಅಂಥದ್ದೇ ತಾನೇ ತನಗೂ ಬೇಕಾದದ್ದು?

ಸಂಕಮ್ಮ ಮತ್ತು ಅವಳ ಗಂಡ ದ್ಯಾವಣ್ಣ ಕಬ್ಬಿಣದ ಕೆಲಸದವರು. ದ್ಯಾವಣ್ಣ ಕಬ್ಬಿಣ ಕಾಯಿಸಿ ತಂತಿ ಎಳೆಯುತ್ತಿದ್ದ. ಸಂಕಮ್ಮ ಆ ತಂತಿಯನ್ನು ಬೆರಳು ದಪ್ಪದ ಸರಳಿಗೆ ಒತ್ತೊತ್ತಾಗಿ ಸುತ್ತಿ, ಉಳಿಯಿಂದ ಉದ್ದಕ್ಕೆ ಕತ್ತರಿಸುತ್ತಿದ್ದಳು. ಪಟಪಟನೆ ಉಂಗುರಗಳು ಉದುರುತ್ತಿದ್ದವು. ಒಂದು ಉಂಗುರಕ್ಕೆ ನಾಲ್ಕು ಉಂಗುರ ಪೋಣಿಸಬೇಕು. ಆ ನಾಲ್ಕರಲ್ಲಿ ಒಂದೊಂದಕ್ಕೂ ಮತ್ತೆ ನಾಲ್ಕು ಸಿಗಬೇಕು. ಪ್ರತಿ ಉಂಗುರದ ಬಾಯಿಗೂ ಸೂಜಿಮೊನೆಯಷ್ಟು ಮೊಳೆ ಬಡಿದು ಮುಚ್ಚಬೇಕು. ಒಂದು ಅಂಗಿಗೆ ಒಂದು ವರ್ಷ.

"ಅವ್ವಾ, ನನಗೊಂದು ಅಂಗಿ ಮಾಡಿಕೊಡು" ಎಂದಿತು ಹೊಳೆ.

ಸಂಕಮ್ಮ ಇಕ್ಕಳ ಕೆಳಗಿಟ್ಟಳು. "ನಿನಗಾ? ಯಾಕೆ ತಾಯಿ?"

ಹೊಳೆ ಕೊಕ್ಕರೆಯ ಕಥೆ ಹೇಳಿತು. ಹೇಳುತ್ತಿದ್ದಾಗಲೇ ಚುಳಕ್ ಎಂದಿತು. ಸಂಕಮ್ಮನ ಮುಖ ಸಣ್ಣದಾಯಿತು.

"ಏನ್ರೀ, ಕೇಳಿದ್ರಾ?" ಎಂದು ಗಂಡನನ್ನು ಕೂಗಿದಳು. "ಅಳತೆ ದಾರ ತನ್ನಿ."

"ಅಳತೆ ಎಲ್ಲಿ ತಗೋತೀಯೇ? ಕುತ್ತಿಗೆ ಎಲ್ಲಿದೆ ಇದಕ್ಕೆ?" ಎಂದ ದ್ಯಾವಣ್ಣ.

"ಕುತ್ತಿಗೆ ಅಂದ್ರೆ ಏನು?" ಎಂದಿತು ಹೊಳೆ.

"ತಲೆ ಮುಗಿದು ಮೈ ಶುರುವಾಗೋ ಜಾಗ."

"ನಾನು ಎಲ್ಲಿ ಶುರುವಾಗ್ತೀನಿ ಅಂತ ನನಗೇ ಗೊತ್ತಿಲ್ಲವಲ್ಲಾ."

ಸಂಕಮ್ಮ ನೀರಿಗಿಳಿದು ದಾರ ಹಿಡಿದಳು. ದಾರ ತೇಲಿಕೊಂಡು ಹೋಯಿತು. "ಅಲ್ಲಾಡಬೇಡ ಮಗಳೇ, ಒಂದು ಗಳಿಗೆ ನಿಂತ್ಕೋ!"

"ನಿಂತೇ ಇದೀನವ್ವಾ. ನೀನು ಮುಟ್ಟಿದ್ದು ಮಾತ್ರ ಆಗಲೇ ಆ ಕೆಳಗಿನ ಹೊಂಗೆಮರದ ಹತ್ತಿರ ಹೋಯ್ತು."

"ಹಾಗಾದ್ರೆ ಇಲ್ಲಿ ಮಾತಾಡ್ತಿರೋದು ಯಾರು?"

ಹೊಳೆ ಯೋಚಿಸಿತು. ಯೋಚಿಸುತ್ತಿದ್ದದ್ದು ಹೊಂಗೆಮರದ ಹತ್ತಿರ ಹೋಯಿತು. ಸಂಕಮ್ಮ ತಲೆ ಕೆರೆದುಕೊಂಡಳು. ದ್ಯಾವಣ್ಣ ಎರಡೂ ಕೈಯಲ್ಲಿ ಕೆರೆದುಕೊಂಡ.

"ಉಂಗುರದಂಗಿಯನ್ನ ಬರಿಮೈಗೆ ಹಾಕೋ ಹಾಗಿಲ್ಲ, ಚರ್ಮ ಕಚ್ಚುತ್ತೆ" ಎಂದಳು ಸಂಕಮ್ಮ. "ಒಳಗೆ ಹತ್ತಿ ತುಂಬಿದ ದಪ್ಪ ಅಂಗಿ ಇರಬೇಕು. ನಿನ್ನ ಹತ್ರ ಏನಿದೆ?"

"ಪಾಚಿ ಇದೆ."

"ಇರಲಿ ಬಿಡು" ಎಂದಳು. ಇಂಥ ಗಿರಾಕಿಯನ್ನು ಅವಳು ಎಂದೂ ಕಂಡಿರಲಿಲ್ಲ.

ಅಳತೆಯಿಲ್ಲದೆಯೇ ಗಂಡಹೆಂಡಿರು ಕೂತರು. ಈ ದಡದಿಂದ ಆ ದಡಕ್ಕೆ, ಬಂಡೆಯಿಂದ ಬಂಡೆಗೆ. ಬೆರಳುಗಳಲ್ಲಿ ಬೊಬ್ಬೆ ಬಂತು. ಒಂದಕ್ಕೆ ನಾಲ್ಕು, ನಾಲ್ಕಕ್ಕೆ ನಾಲ್ಕು ಎಂದು ಸಂಕಮ್ಮ ಗುನುಗುತ್ತಿದ್ದಳು. ಹೊಳೆ ಪಕ್ಕದಲ್ಲೇ ಹರಿಯುತ್ತಾ ಕೇಳಿಸಿಕೊಳ್ಳುತ್ತಿತ್ತು. ಕೊಕ್ಕರೆ ಬಂದಾಗೆಲ್ಲ ದ್ಯಾವಣ್ಣ ಸುತ್ತಿಗೆ ಬೀಸಿ ಓಡಿಸುತ್ತಿದ್ದ. ಅವನು ಊಟಕ್ಕೆ ಎದ್ದರೆ ಮತ್ತೆ ಚುಳಕ್.

ಅಂತೂ ಅಂಗಿ ಮುಗಿಯಿತು. ಇಬ್ಬರೂ ಎರಡು ತುದಿ ಹಿಡಿದು ಹೊಳೆಯ ಮೇಲೆ ಹಾಸಿದರು.

ಅಂಗಿ ಸೀದಾ ಮುಳುಗಿತು.

ಹೋಗಿ ತಳದ ಮರಳಿನ ಮೇಲೆ ಚಾಚಿಕೊಂಡಿತು.

"ಅಲ್ಲವೇ" ಎಂದ ದ್ಯಾವಣ್ಣ ಮೆಲ್ಲಗೆ, "ಅಂಗಿಯೊಳಗೆ ಅದು ಇರಬೇಕಿತ್ತು. ಅದರೊಳಗೆ ಅಂಗಿ ಹೋಯ್ತಲ್ಲ?"

"ನಾನು ತೊಟ್ಟಿದೀನೋ ಇಲ್ಲವೋ ಅವ್ವಾ?" ಎಂದು ಹೊಳೆ ಕೇಳಿತು.

ಸಂಕಮ್ಮ ಬಗ್ಗಿ ನೀರೊಳಗೆ ನೋಡಿದಳು. ಅಷ್ಟರಲ್ಲಿ ಕೊಕ್ಕರೆ ಬಂತು. ಮೀನುಮರಿಗಳು ಹೆದರಿ ಉಂಗುರಗಳ ಬಾಯಿಂದ ತೂರಿ ಮರಳಿಗೂ ಅಂಗಿಗೂ ನಡುವೆ ನುಗ್ಗಿದವು. ಕೊಕ್ಕರೆ ಕೊಕ್ಕು ಹಾಕಿತು.

ಟಣ್!

"ಅಯ್ಯಯ್ಯೋ!" ಎಂದಿತು ಕೊಕ್ಕರೆ. ಮತ್ತೆ ಹಾಕಿತು. ಟಣ್! ಕೊಕ್ಕು ಜುಮ್ಮೆಂದಿತು. ಹಾರಿಹೋಯಿತು.

ಸಂಕಮ್ಮ ನಕ್ಕುಬಿಟ್ಟಳು. ಅಂಗಿ ಯಾರು ತೊಟ್ಟರು ಎಂದು ಯಾರಿಗೂ ತಿಳಿಯಲಿಲ್ಲ, ಆದರೆ ಮರಿಗಳು ಉಳಿದವು. ಆ ವರ್ಷ ಒಂದೂ ಕಡಿಮೆಯಾಗಲಿಲ್ಲ.

ಹೀಗೆ ಎರಡು ಮಳೆಗಾಲ ಕಳೆಯಿತು. ಹೊಳೆ ಹಗಲೂ ರಾತ್ರಿ ಆ ಉಂಗುರಗಳ ಮೇಲೇ ಹರಿಯಿತು. ಒಂದಕ್ಕೆ ನಾಲ್ಕು, ನಾಲ್ಕಕ್ಕೆ ನಾಲ್ಕು. ಹರಿದು ಹರಿದು ನೀರಿಗೆ ಅದೇ ರೂಢಿಯಾಯಿತು.

ಒಂದು ಬೆಳಿಗ್ಗೆ ಸಂಕಮ್ಮ ನೀರಿಗೆ ಬಂದಾಗ ಮರಳು ಕೆಂಪಗಿತ್ತು. ಕೈ ಹಾಕಿ ಅಂಗಿಯ ಅಂಚು ಎತ್ತಿದಳು. ಬೆರಳ ನಡುವೆ ಅದು ಪುಡಿಪುಡಿಯಾಯಿತು.

"ತುಕ್ಕು!" ಎಂದಳು. "ಅಯ್ಯೋ ನನ್ನ ಬುದ್ಧಿಯೇ! ಯಾರಿಗೆ ಅಂಗಿ ಕೊಟ್ರೂ 'ನೀರು ತಾಗಿಸಬೇಡಿ' ಅಂತ ಸಾರಿ ಸಾರಿ ಹೇಳ್ತೀನಿ. ನೀರಿಗೇ ಅಂಗಿ ಹೊಲಿಯೋವಾಗ ಅದೊಂದು ನೆನಪಾಗಲಿಲ್ಲ ನೋಡಿ!"

"ನನಗೂ ನೆನಪಾಗಲಿಲ್ಲ ಬಿಡೇ" ಎಂದ ದ್ಯಾವಣ್ಣ. "ಇನ್ನೊಂದು ಮಾಡೋದಕ್ಕೆ ಇನ್ನೊಂದು ವರ್ಷ ಬೇಕು."

ಕೊಕ್ಕರೆ ಅಷ್ಟು ಹೊತ್ತು ಕಾಯುತ್ತದೆಯೇ? ಆಗಲೇ ಆಚೆ ದಡದಲ್ಲಿ ಇಳಿದಿತ್ತು. ಕಾಲು ಎತ್ತಿಡುತ್ತಾ ಬಂತು. ಮರಿಗಳು ಮರಳಿಗೆ ನುಗ್ಗಿದವು. ಮೇಲೆ ಏನೂ ಇರಲಿಲ್ಲ. ಅವು ಅತ್ತ ಓಡಿದವು, ಇತ್ತ ಓಡಿದವು.

ಹೊಳೆ ಹೆದರಿತು. ಹೆದರಿ ಮೈಯೆಲ್ಲ ನಡುಗಿತು. ಏನು ಮಾಡಬೇಕೋ ಗೊತ್ತಾಗದೆ, ತನಗೆ ಗೊತ್ತಿದ್ದ ಒಂದನ್ನೇ ಮಾಡಿತು. ಒಂದು ಅಲೆ ನಾಲ್ಕು ಅಲೆಗಳ ಕೈ ಹಿಡಿಯಿತು. ಆ ನಾಲ್ಕೂ ಮತ್ತೆ ನಾಲ್ಕರ ಕೈ ಹಿಡಿದವು. ಆಗ ತಾನೆ ಮೇಲೆ ಬಂದಿದ್ದ ಬಿಸಿಲು ಆ ಅಲೆಗಳಲ್ಲಿ ಇಳಿದು ತಳದ ಮರಳಿನ ಮೇಲೆ ಬಿತ್ತು.

ಮರಳಿನ ತುಂಬ ಹೊನ್ನಿನ ಉಂಗುರಗಳು! ಒಂದಕ್ಕೊಂದು ಸಿಕ್ಕಿಕೊಂಡು, ಅಲುಗಾಡುತ್ತಾ, ಬಿಚ್ಚುತ್ತಾ, ಮತ್ತೆ ಕೂಡಿಕೊಳ್ಳುತ್ತಾ. ಮರಿಗಳ ಬೆನ್ನ ಮೇಲೂ ಉಂಗುರ. ಮೀನು ಯಾವುದು, ಉಂಗುರ ಯಾವುದು?

ಕೊಕ್ಕರೆ ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತಿತು. ಕೊಕ್ಕಿನ ಹಳೆಯ ನೋವು ನೆನಪಾಯಿತು. ಕೊನೆಗೆ ಧೈರ್ಯ ಮಾಡಿ ಒಂದು ಮರಿಗೆ ಕುಕ್ಕಿತು. ಟಣ್ ಎನ್ನಲಿಲ್ಲ. ಮರಿಯೂ ಸಿಗಲಿಲ್ಲ. ಕೊಕ್ಕಿನ ತುಂಬ ಮರಳು.

"ಇದು ಕಬ್ಬಿಣವೋ ಅಲ್ಲವೋ?" ಎಂದು ಕೇಳಿತು.

"ನನಗೂ ಗೊತ್ತಿಲ್ಲ" ಎಂದಿತು ಹೊಳೆ. ಅದು ನಿಜವನ್ನೇ ಹೇಳಿತ್ತು.

ಸಂಕಮ್ಮ ನೀರಿಗಿಳಿದು ಆ ಉಂಗುರಗಳನ್ನು ಬೊಗಸೆಯಲ್ಲಿ ಎತ್ತಿಕೊಂಡಳು. ಮೇಲೆ ಬಂದದ್ದು ಬರೀ ನೀರು. ಮತ್ತೆ ಕೈ ಮುಳುಗಿಸಿದಳು. ಮೊಣಕೈವರೆಗೂ ಉಂಗುರಗಳು ಹತ್ತಿಕೊಂಡವು, ಎಳ್ಳಷ್ಟೂ ಭಾರವಿಲ್ಲ.

"ಮೊಳೆ ಎಲ್ಲಿ ಹೊಡೆದಿದೆ ಇದಕ್ಕೆ?" ಎಂದು ದ್ಯಾವಣ್ಣ ಬಗ್ಗಿ ಬಗ್ಗಿ ಹುಡುಕಿದ. ಸಂಜೆಯವರೆಗೂ ಹುಡುಕಿದ.

ಕೊಕ್ಕರೆ ಇವತ್ತಿಗೂ ಮೀನು ಹಿಡಿಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮೊದಲಿನಂತೆ ಬಂದ ಕೂಡಲೇ ಅಲ್ಲ. ಒಂದು ಕಾಲು ಎತ್ತಿ ನಿಂತು, ಮೀನೋ ಉಂಗುರವೋ, ಮೀನೋ ಉಂಗುರವೋ ಎಂದು ತುಂಬ ಹೊತ್ತು ನೋಡುತ್ತಲೇ ಇರುತ್ತದೆ. ಅಷ್ಟರಲ್ಲಿ ಎಷ್ಟೋ ಮರಿಗಳು ಪಾರಾಗುತ್ತವೆ.

ಅದಕ್ಕೇ ಮಗೂ, ಬಿಸಿಲಿನ ದಿನ ನೀನು ತಿಳಿನೀರಿನಲ್ಲಿ ಕಾಲಿಟ್ಟರೆ ನಿನ್ನ ಪಾದದ ಮೇಲೂ ಹೊಂಬಣ್ಣದ ಉಂಗುರಗಳು ಹರಿದಾಡುತ್ತವೆ: ಒಳಗೆ ಬಂದದ್ದು ಮೀನುಮರಿಯೋ ಮಗುವಿನ ಕಾಲೋ ಎಂದು ನೀರಿಗೆ ಇನ್ನೂ ತಿಳಿಯುವುದಿಲ್ಲ, ಯಾವುದಕ್ಕೂ ಇರಲಿ ಎಂದು ಎಲ್ಲಕ್ಕೂ ತೊಡಿಸಿಬಿಡುತ್ತದೆ.